ಒಂದು ‘ಒಲ್ಲೆ’ಯ ಕಥೆ

(ಬಾನುಲಿ ಭಾಷಣ)

ದ್ರೌಪದಿಯನ್ನು ಸಭೆಗೆ ಎಳೆತಂದ ದಿನ ಕೌರವರ ನೂರ್ವರಲ್ಲಿ ಒಬ್ಬನೇ ಒಬ್ಬ ಎದ್ದುನಿಂತು ಇದು ಅಧರ್ಮವೆಂದು ಹೇಳಿದ. ಅವನ ಹೆಸರು ವಿಕರ್ಣ. ಹಿರಿಯರು ತೀರ್ಪು ಕೊಡಲು ಹಿಂಜರಿದಾಗ ಕಿರಿಯನೊಬ್ಬ ಬಾಯಿ ತೆರೆದ ಆ ಗಳಿಗೆಯನ್ನು ನಾವು ಮೆಚ್ಚಿ ನೆನೆಯುತ್ತೇವೆ. ಆದರೆ ಅದೇ ವಿಕರ್ಣ ಮುಂದೆ ಯುದ್ಧ ಒದಗಿದಾಗ ಅಣ್ಣನ ಪಕ್ಷದಲ್ಲಿಯೇ ನಿಂತು ಹೋರಾಡಿ ಭೀಮನ ಕೈಯಲ್ಲಿ ಮಡಿದ ಎಂಬುದನ್ನು ಅಷ್ಟಾಗಿ ನೆನೆಯುವುದಿಲ್ಲ. ಸಭೆಯಲ್ಲಿ ಆಡಿದ ನುಡಿಯೊಂದು, ಕಣದಲ್ಲಿ ನಡೆದ ನಡೆಯೊಂದು. ಇವೆರಡರಲ್ಲಿ ವಿಕರ್ಣನ ನಿಜವಾದ ಸಾಕ್ಷ್ಯ ಯಾವುದು?

ಈ ಪ್ರಶ್ನೆ ಪುರಾಣದೊಂದಿಗೆ ಮುಗಿದುಹೋಗಲಿಲ್ಲ. ಪ್ರಜಾಪ್ರಭುತ್ವದಲ್ಲಿ ನಾವು ಆರಿಸಿ ಕಳುಹಿಸುವ ಪ್ರತಿಯೊಬ್ಬ ಸದಸ್ಯನೂ ಎರಡು ಬಗೆಯ ಗುರುತುಗಳನ್ನು ಉಳಿಸಿ ಹೋಗುತ್ತಾನೆ. ಆತ ಆಡಿದ ಮಾತು ಒಂದು, ಹಾಕಿದ ಮತ ಇನ್ನೊಂದು. ಇವನ್ನು ಹೇಗೆ ಓದಬೇಕೆಂಬುದಕ್ಕೆ ಅಮೆರಿಕದ ಒಬ್ಬ ಸದಸ್ಯೆಯ ದಾಖಲೆ ನನಗೆ ಪಾಠವಾಗಿ ಒದಗಿತು. ಆಕೆಯ ಹೆಸರು ಜೀನೆಟ್ ರಾಂಕಿನ್.

ರಾಂಕಿನ್ ಹುಟ್ಟಿದ್ದು 1880ರಲ್ಲಿ, ಮೊಂಟಾನಾ ಪ್ರಾಂತದಲ್ಲಿ. ಅಲ್ಲಿಯ ಹೆಂಗಸರಿಗೆ 1914ರಲ್ಲಿ ಮತದ ಹಕ್ಕು ಬಂದಿತು. ಅದಕ್ಕಾಗಿ ದುಡಿದವರಲ್ಲಿ ಆಕೆಯೂ ಒಬ್ಬರು. ಎರಡೇ ವರ್ಷಗಳ ಮೇಲೆ, 1916ರ ನವೆಂಬರಿನಲ್ಲಿ, ರಿಪಬ್ಲಿಕನ್ ಪಕ್ಷದಿಂದ ಪ್ರತಿನಿಧಿ ಸಭೆಗೆ ಆಯ್ಕೆಯಾದರು. ಅಮೆರಿಕದ ಶಾಸನಸಭೆಯನ್ನು ಪ್ರವೇಶಿಸಿದ ಮೊದಲ ಮಹಿಳೆ ಆಕೆ. ಆ ದೇಶದ ಎಲ್ಲ ಹೆಂಗಸರಿಗೂ ಮತದ ಹಕ್ಕನ್ನು ಖಚಿತಪಡಿಸಿದ ಸಂವಿಧಾನ ತಿದ್ದುಪಡಿ ಊರ್ಜಿತವಾದದ್ದು 1920ರಲ್ಲಿ. ಎಂದರೆ, ಮತವೇ ಇಲ್ಲದ ಲಕ್ಷಾಂತರ ಹೆಂಗಸರ ಪರವಾಗಿ ಮತ ಹಾಕಬಲ್ಲ ಏಕೈಕ ಹೆಣ್ಣಾಗಿ ಆಕೆ ಆ ಸಭೆಯಲ್ಲಿ ಕುಳಿತಿದ್ದರು.

ಅದೇ ವರ್ಷ ವುಡ್ರೋ ವಿಲ್ಸನ್ ಎರಡನೆಯ ಬಾರಿಗೆ ಅಧ್ಯಕ್ಷರಾಗಿ ಆರಿಸಿಬಂದಿದ್ದರು. ದೇಶವನ್ನು ಯುದ್ಧದಿಂದ ದೂರವಿರಿಸಿದವರು ಎಂಬುದೇ ಅವರ ಪರವಾದ ಚುನಾವಣೆಯ ಘೋಷಣೆ. ಆದರೆ 1917ರ ಏಪ್ರಿಲ್ 2ರಂದು, ಎಂದರೆ ರಾಂಕಿನ್ ಪ್ರಮಾಣವಚನ ಸ್ವೀಕರಿಸಿದ ದಿನವೇ, ಅದೇ ವಿಲ್ಸನ್ ಉಭಯ ಸದನಗಳ ಮುಂದೆ ನಿಂತು ಜರ್ಮನಿಯ ಮೇಲೆ ಯುದ್ಧ ಸಾರಬೇಕೆಂದು ಕೇಳಿದರು. ಅಲ್ಲಿಯ ಸಂವಿಧಾನದ ಪ್ರಕಾರ ಯುದ್ಧ ಸಾರುವ ಅಧಿಕಾರ ಅಧ್ಯಕ್ಷರದಲ್ಲ, ಶಾಸನಸಭೆಯದು.

ಮತ ಎಣಿಸುವ ರೀತಿಯನ್ನು ಇಲ್ಲಿ ಹೇಳಬೇಕು. ಹಾಜರಿರುವ ಸದಸ್ಯರಲ್ಲಿ ಐದನೆಯ ಒಂದು ಪಾಲು ಜನ ಕೇಳಿದರೆ, ಪ್ರತಿಯೊಬ್ಬರ ‘ಹೌದು’ ಅಥವಾ ‘ಇಲ್ಲ’ವನ್ನು ಸದನದ ದಾಖಲೆಯಲ್ಲಿ ಬರೆಯಲೇಬೇಕು. ಆ ಕಾಲದಲ್ಲಿ ಗುಮಾಸ್ತ ಒಂದೊಂದೇ ಹೆಸರನ್ನು ಕೂಗುತ್ತಿದ್ದ. ಸದಸ್ಯ ಒಂದು ಪದದ ಉತ್ತರ ಕೊಡುತ್ತಿದ್ದ. ಆ ಹೊತ್ತಿನಲ್ಲಿ ಭಾಷಣಕ್ಕೆ ಅವಕಾಶವಿಲ್ಲ, ವಿವರಣೆಗೆ ಎಡೆಯಿಲ್ಲ.

ಇರುಳಿಡೀ ಚರ್ಚೆ ನಡೆದು ಏಪ್ರಿಲ್ 6ರ ನಸುಕಿನಲ್ಲಿ ಹೆಸರು ಕೂಗತೊಡಗಿದರು. ಮೊದಲ ಸುತ್ತಿನಲ್ಲಿ ರಾಂಕಿನ್ ಉತ್ತರ ಕೊಡಲಿಲ್ಲ. ಆಕೆಯ ಸಂಕಟ ಊಹಿಸಬಹುದಾದದ್ದು. ‘ಇಲ್ಲ’ ಎಂದರೆ ಹೆಂಗಸರು ರಾಜ್ಯಭಾರಕ್ಕೆ ತಕ್ಕವರಲ್ಲವೆಂಬ ಅಪವಾದ ಬಲಗೊಂಡೀತು, ಮತದ ಹಕ್ಕಿನ ಚಳವಳಿಗೇ ಪೆಟ್ಟು ಬಿದ್ದೀತು ಎಂದು ಸಂಗಾತಿಗಳಲ್ಲಿ ಹಲವರು ಅಂಜಿದ್ದರು. ಆಕೆಯ ಚುನಾವಣೆಯನ್ನು ನಡೆಸಿಕೊಟ್ಟ ಸೋದರನೂ ‘ಹೌದು’ ಎನ್ನಲು ಒತ್ತಾಯಿಸಿದ್ದ. ಎರಡನೆಯ ಸುತ್ತಿನಲ್ಲಿ ಹೆಸರು ಬಂದಾಗ ಆಕೆ ಎದ್ದುನಿಂತರು. ಪದ್ಧತಿಯನ್ನು ಮುರಿದು ಒಂದು ವಾಕ್ಯ ನುಡಿದರು: ನನ್ನ ದೇಶದ ಜೊತೆಗೆ ನಿಲ್ಲಬೇಕೆಂಬುದು ನನ್ನ ಬಯಕೆ, ಆದರೆ ಯುದ್ಧಕ್ಕೆ ಮತ ಹಾಕಲಾರೆ. ಎಣಿಕೆ ಮುಗಿದಾಗ ಪರವಾಗಿ 373, ವಿರುದ್ಧವಾಗಿ 50.

ಐವತ್ತರಲ್ಲಿ ನಲವತ್ತೊಂಬತ್ತು ಮಂದಿ ಗಂಡಸರು. ಆದರೆ ಪತ್ರಿಕೆಗಳ ಕಣ್ಣು ಬಿದ್ದದ್ದು ಆಕೆಯ ಮೇಲೆ. ಆಕೆ ಅತ್ತರೆಂಬುದೇ ದೊಡ್ಡ ಸುದ್ದಿ. ಅದೇ ಸಭೆಯ ಸದಸ್ಯರಾಗಿದ್ದ ಲಾ ಗಾರ್ಡಿಯಾ ಅವರನ್ನು ಈ ಬಗ್ಗೆ ಯಾರೋ ಕೇಳಿದಾಗ, ತನ್ನ ಕಣ್ಣಲ್ಲೇ ನೀರು ತುಂಬಿದ್ದರಿಂದ ತನಗೆ ಕಾಣಿಸಲಿಲ್ಲವೆಂದರಂತೆ.

1941ರ ಕಥೆಯೂ ಪ್ರಸಿದ್ಧವೇ. ಇಪ್ಪತ್ತೆರಡು ವರ್ಷ ಸಭೆಯಿಂದ ಹೊರಗಿದ್ದ ರಾಂಕಿನ್ 1940ರ ಚುನಾವಣೆಯಲ್ಲಿ ಮತ್ತೆ ಗೆದ್ದುಬಂದರು. ಪರ್ಲ್ ಹಾರ್ಬರಿನ ಮೇಲೆ ಜಪಾನ್ ಬಾಂಬು ಸುರಿಸಿ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಕೊಂದ ಮರುದಿನ, ಡಿಸೆಂಬರ್ 8ರಂದು, ಮತ್ತೆ ಹೆಸರು ಕೂಗಲಾಯಿತು. ಈ ಬಾರಿ ಪರವಾಗಿ 388, ವಿರುದ್ಧವಾಗಿ 1. ಸೆನೆಟ್ಟಿನಲ್ಲಿ ಒಬ್ಬರೂ ವಿರೋಧಿಸಲಿಲ್ಲ. ಹೊರಗೆ ಬಂದಾಗ ಮುತ್ತಿಕೊಂಡ ಗುಂಪಿನಿಂದ ತಪ್ಪಿಸಿಕೊಳ್ಳಲು ಆಕೆ ಒಂದು ಟೆಲಿಫೋನ್ ಗೂಡನ್ನು ಹೊಕ್ಕು ಪೋಲೀಸರಿಗೆ ಹೇಳಿಕಳುಹಿಸಬೇಕಾಯಿತು.

ಎರಡು ಮಹಾಯುದ್ಧಗಳು, ಎರಡಕ್ಕೂ ‘ಒಲ್ಲೆ’ನೆಂದ ಒಬ್ಬಳೇ ಹೆಣ್ಣು. ಎಷ್ಟು ಸೊಗಸಾದ, ಎಷ್ಟು ಸಮವಾದ ಕಥೆ! ನಾನು ಅಧ್ಯಾಪಕನಾಗಿದ್ದಾಗ ಕಾಲೇಜಿನ ಸಮಾರಂಭಗಳಲ್ಲಿ ಇದನ್ನು ಹಲವು ಸಲ ಹೇಳಿದ್ದೇನೆ, ಕರತಾಡನವನ್ನೂ ಗಳಿಸಿದ್ದೇನೆ. ಒಂದು ಸಲ ಭಾಷಣ ಮುಗಿದ ಮೇಲೆ ವಿದ್ಯಾರ್ಥಿನಿಯೊಬ್ಬಳು ಹತ್ತಿರ ಬಂದು, “ಸಾರ್, ಈ ಎರಡು ಮತಗಳ ನಡುವೆ ಆಕೆ ಏನು ಮಾಡಿದರು?” ಎಂದು ಕೇಳಿದಳು. ಉತ್ತರ ನನಗೆ ತಿಳಿದಿರಲಿಲ್ಲ. ಹಳಗನ್ನಡದ ಕಾವ್ಯವೊಂದನ್ನು ಪಾಠ ಹೇಳುವಾಗ ಪಾಠಾಂತರಗಳನ್ನು ನೋಡದೆ ಅರ್ಥ ಹೇಳಬಾರದೆಂದು ಎಷ್ಟೋ ವರ್ಷ ಬೋಧಿಸಿದವನು, ಒಬ್ಬ ಮನುಷ್ಯಜೀವಿಯ ಬದುಕನ್ನು ಎರಡೇ ಸಾಲಿನಿಂದ ಅರ್ಥೈಸಿಬಿಟ್ಟಿದ್ದೆ. ನಾಚಿಕೆಯೆನಿಸಿತು. ಹುಡುಕಿ ಓದಿದೆ.

ಓದಿದಾಗ ಸಿಕ್ಕಿದ್ದು 1917ರ ಡಿಸೆಂಬರಿನ ಒಂದು ಮತ. ಆಸ್ಟ್ರಿಯಾ-ಹಂಗರಿಯ ಮೇಲೂ ಯುದ್ಧ ಸಾರುವ ನಿರ್ಣಯ ಅಂದು ಸಭೆಯ ಮುಂದೆ ಬಂದಿತ್ತು. ವಿರೋಧಿಸಿದವರು ಒಬ್ಬರೇ. ಅವರು ರಾಂಕಿನ್ ಅಲ್ಲ. ನ್ಯೂಯಾರ್ಕಿನ ಸಮಾಜವಾದಿ ಸದಸ್ಯ ಮೇಯರ್ ಲಂಡನ್. ಏಪ್ರಿಲಿನಲ್ಲಿ ಯುದ್ಧಕ್ಕೆ ಮತ ಹಾಕಲಾರೆನೆಂದ ರಾಂಕಿನ್ ಡಿಸೆಂಬರಿನಲ್ಲಿ ಯುದ್ಧಕ್ಕೆ ‘ಹೌದು’ ಎಂದಿದ್ದರು! ಕಥೆಯ ಸಮತೆ ಕೆಟ್ಟಿತು. ನಾನು ಹೇಳುತ್ತ ಬಂದ ವೀರಗಾಥೆಯಲ್ಲಿ ಈ ಮತಕ್ಕೆ ಸ್ಥಳವೇ ಇರಲಿಲ್ಲ.

ಆದರೆ ಮತದ ಜೊತೆಗೆ ಆಕೆ ಆಡಿದ ಮಾತೂ ದಾಖಲೆಯಲ್ಲಿ ಇದೆ. ದೇಶದೇಶಗಳ ವ್ಯಾಜ್ಯವನ್ನು ತೀರಿಸಲು ಯುದ್ಧ ಮೂಢವೂ ವ್ಯರ್ಥವೂ ಆದ ದಾರಿಯೆಂಬ ನಂಬಿಕೆಯನ್ನು ತಾನು ಬಿಟ್ಟಿಲ್ಲವೆಂದು ಆಕೆ ಅಂದು ಮತ್ತೊಮ್ಮೆ ಹೇಳಿದರು. ಈಗ ಕೇಳುತ್ತಿರುವುದು ಹೊಸ ಯುದ್ಧಕ್ಕಲ್ಲ, ಆಗಲೇ ಸಾರಿ ನಡೆಯುತ್ತಿರುವ ಯುದ್ಧದ ಒಂದು ವಿಧಿಗೆ ಮಾತ್ರ. ಹಿಂದೆ ಹಣಕ್ಕೂ ಸೈನಿಕರಿಗೂ ಮತ ಕೊಟ್ಟಂತೆ ಇದಕ್ಕೂ ಕೊಡುತ್ತೇನೆ ಎಂದರು. ಎಂದರೆ, ಯುದ್ಧ ಬೇಡವೆಂದ ಸದಸ್ಯೆಯೇ, ಯುದ್ಧ ಬಂದ ಮೇಲೆ, ಅದಕ್ಕೆ ಬೇಕಾದ ದ್ರವ್ಯವನ್ನೂ ಜನವನ್ನೂ ಒದಗಿಸುವ ಮಸೂದೆಗಳಿಗೆ ಒಪ್ಪಿಗೆ ಕೊಟ್ಟಿದ್ದರು.

ಇದು ವಿಕರ್ಣನ ದಾರಿಯೆ? ಒಂದು ದೃಷ್ಟಿಯಿಂದ ಹೌದು. ತೀರ್ಮಾನಕ್ಕೆ ಮುನ್ನ ವಿರೋಧಿಸಿ, ತೀರ್ಮಾನವಾದ ಮೇಲೆ ತನ್ನವರನ್ನು ಬಿಡದೆ ಉಳಿದದ್ದು. ಕಣಕ್ಕೆ ಇಳಿದ ಹುಡುಗರಿಗೆ ಅನ್ನವನ್ನೂ ಆಯುಧವನ್ನೂ ನಿರಾಕರಿಸಲಾರೆನೆಂಬ ಕನಿಕರ ಅದರಲ್ಲಿ ಇದ್ದೀತು. ಒತ್ತಡಕ್ಕೆ ಬಾಗಿದ ದೌರ್ಬಲ್ಯವೂ ಇದ್ದೀತು. ಅದನ್ನು ನಿಶ್ಚಯಿಸುವ ತಕ್ಕಡಿ ನನ್ನಲ್ಲಿಲ್ಲ. ನಾನು ಕಲಿತದ್ದು ಇಷ್ಟು: ಮತವನ್ನಷ್ಟೇ ನೋಡಿದವನಿಗೆ ಆಕೆ ಡಿಸೆಂಬರಿನಲ್ಲಿ ಯುದ್ಧವಾದಿ, ಮಾತನ್ನಷ್ಟೇ ಕೇಳಿದವನಿಗೆ ಅಚಲ ಶಾಂತಿವಾದಿ. ಎರಡನ್ನೂ ಎದುರುಬದುರು ಇಟ್ಟು ಓದಿದವನಿಗೆ ಮಾತ್ರ ಒಬ್ಬ ನಿಜವಾದ ಹೆಂಗಸು ಕಾಣಿಸುತ್ತಾಳೆ.

ದಾಖಲೆಯ ಉಳಿದ ಪುಟಗಳೂ ಹೀಗೆಯೇ. 1918ರ ಜನವರಿ 10ರಂದು ಹೆಂಗಸರ ಮತದ ಹಕ್ಕಿನ ತಿದ್ದುಪಡಿಯ ಚರ್ಚೆಯನ್ನು ಆ ಸಭೆಯಲ್ಲಿ ಆರಂಭಿಸಿದವರು ರಾಂಕಿನ್. ಅದು 274ಕ್ಕೆ 136ರಂತೆ, ಬೇಕಾದ ಮೂರರಲ್ಲಿ ಎರಡು ಪಾಲಿನ ಬಹುಮತವನ್ನು ಕಷ್ಟದಿಂದ ಮುಟ್ಟಿತು. ಸೆನೆಟ್ಟಿನಲ್ಲಿ ಆ ವರ್ಷ ಸೋತಿತು. 1917ರ ಜೂನಿನಲ್ಲಿ ಮೊಂಟಾನಾದ ಬ್ಯೂಟ್ ಪಟ್ಟಣದ ತಾಮ್ರದ ಗಣಿಯೊಂದರಲ್ಲಿ ಬೆಂಕಿ ಬಿದ್ದು 168 ಮಂದಿ ಸತ್ತಾಗ ಆಕೆ ಕಾರ್ಮಿಕರ ಪರ ನಿಂತು ಪ್ರಬಲವಾದ ಗಣಿ ಕಂಪನಿಯನ್ನು ಎದುರುಹಾಕಿಕೊಂಡರು. 1918ರಲ್ಲಿ ಸೆನೆಟ್ಟಿಗೆ ಸ್ಪರ್ಧಿಸಿ ಸೋತರು. ಯುದ್ಧದ ವಿರುದ್ಧ ಹಾಕಿದ ಮತವೇ ಸೋಲಿಗೆ ಕಾರಣವೆಂದು ಒಂದೇ ಮಾತಿನಲ್ಲಿ ಹೇಳಿಬಿಡುವುದುಂಟು. ಕಂಪನಿಯ ಮುನಿಸನ್ನೂ ಕ್ಷೇತ್ರಗಳ ಹೊಸ ಗಡಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಹಾಗೆ ಹೇಳುವುದು ಸಲ್ಲದು.

ಇನ್ನು 1941ರ ಮತ. ಆ ದಿನ ಆಕೆ ಮಾತನಾಡಲು ಎದ್ದರೂ ಸಭಾಧ್ಯಕ್ಷರು ಅವಕಾಶ ಕೊಡಲಿಲ್ಲ. ಹೆಣ್ಣಾದ ನಾನು ಯುದ್ಧಕ್ಕೆ ಹೋಗಲಾರೆ, ಬೇರೆಯವರನ್ನು ಕಳುಹಿಸಲೂ ಒಲ್ಲೆ ಎಂಬರ್ಥದ ಆಕೆಯ ಮಾತು ಪ್ರಸಿದ್ಧವಾಗಿದೆ. ಆದರೆ ವಾದವನ್ನು ಸಭೆಯ ಮುಂದಿಡುವ ಭಾಷಣ ನಡೆಯಲಿಲ್ಲ. ಮೂರು ದಿನಗಳ ಮೇಲೆ, ಜರ್ಮನಿ ಮತ್ತು ಇಟಲಿಗಳ ಮೇಲೆ ಯುದ್ಧ ಸಾರುವ ನಿರ್ಣಯಗಳು ಬಂದಾಗ, ಆಕೆ ‘ಹೌದು’ ಎನ್ನಲಿಲ್ಲ, ‘ಇಲ್ಲ’ವೆಂದೂ ಅನ್ನಲಿಲ್ಲ, ‘ಹಾಜರಿದ್ದೇನೆ’ ಎಂದಷ್ಟೇ ಹೇಳಿದರು. ಡಿಸೆಂಬರ್ 8ರ ‘ಒಲ್ಲೆ’ಗಿಂತ ಈ ‘ಹಾಜರಿದ್ದೇನೆ’ ನನ್ನನ್ನು ಹೆಚ್ಚು ಕಾಡುತ್ತದೆ. ಆಕೆಯ ಸೋದರ, ಮೊಂಟಾನಾ ಇಡಿಯಾಗಿ ನಿನಗೆ ಎದುರಾಗಿದೆಯೆಂದು ತಂತಿ ಕಳುಹಿಸಿದ್ದ. ಒಂಟಿತನಕ್ಕೂ ಒಂದು ಮಿತಿಯಿದೆಯೇನೋ.

ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. 1917ರಲ್ಲಿ ಐವತ್ತು ಮಂದಿಯ ಮಾತಿನಲ್ಲಿ ವಿವೇಕವಿತ್ತೆಂದು ನನಗೆ ತೋರುತ್ತದೆ. 1941ರಲ್ಲಿ, ಹಿಟ್ಲರನ ಸೇನೆ ಯುರೋಪನ್ನು ತುಳಿಯುತ್ತಿದ್ದಾಗ, ಜಪಾನ್ ತಾನೇ ಯುದ್ಧವನ್ನು ಮನೆಬಾಗಿಲಿಗೆ ತಂದಾಗ, ಸರಿಯಾದದ್ದು 388 ಮಂದಿಯ ಮತ. ಆದರೂ ಆ ಒಂದು ಮತ ಇಲ್ಲದಿದ್ದರೆ ಆ ದಿನದ ದಾಖಲೆ ಬಡವಾಗುತ್ತಿತ್ತು. ಕಾನ್ಸಾಸಿನ ಹೆಸರಾಂತ ಪತ್ರಿಕಾ ಸಂಪಾದಕ ವಿಲಿಯಂ ಅಲೆನ್ ವೈಟ್ ಬರೆದದ್ದೂ ಸುಮಾರಾಗಿ ಇದನ್ನೇ: ಆಕೆಯ ನಿಲುವನ್ನು ಆತ ಒಪ್ಪಲಿಲ್ಲ, ಅದರ ಧೈರ್ಯವನ್ನು ಮಾತ್ರ ಮನಸಾರೆ ಹೊಗಳಿದ. ಒಪ್ಪದೆಯೂ ಗೌರವಿಸುವ ಈ ಶಕ್ತಿಯೇ ಸಭೆಯೆಂಬ ಸಂಸ್ಥೆಯ ಜೀವ.

1942ರಲ್ಲಿ ರಾಂಕಿನ್ ಮತ್ತೆ ಸ್ಪರ್ಧಿಸಲಿಲ್ಲ. ಗಾಂಧೀಜಿಯವರ ಅಹಿಂಸಾಮಾರ್ಗ ಆಕೆಯನ್ನು ಸೆಳೆದಿತ್ತು. 1946ರಿಂದ ಮೊದಲುಗೊಂಡು ಹಲವು ಬಾರಿ ಭಾರತಕ್ಕೆ ಬಂದುಹೋದರು. 1968ರ ಜನವರಿಯಲ್ಲಿ, ಎಂಬತ್ತೇಳರ ವಯಸ್ಸಿನಲ್ಲಿ, ವಿಯೆಟ್ನಾಂ ಯುದ್ಧದ ವಿರುದ್ಧ ಸಾವಿರಾರು ಹೆಂಗಸರ ಮುಂದೆ ವಾಷಿಂಗ್ಟನ್ನಿನಲ್ಲಿ ನಡೆದರು. 1973ರಲ್ಲಿ ತೀರಿಕೊಂಡರು.

ಆಕೆ ಬಂದುಹೋದ ನಮ್ಮ ದೇಶದಲ್ಲಿ ಇಂಥ ದಾಖಲೆಯನ್ನು ಓದಲು ಸಾಧ್ಯವೆ? ನಮ್ಮ ಲೋಕಸಭೆಯಲ್ಲಿ ಬಹುಪಾಲು ನಿರ್ಣಯಗಳು ಧ್ವನಿಮತದಿಂದ ಆಗುತ್ತವೆ; ಯಾರಾದರೂ ಮತವಿಭಜನೆ ಕೇಳಿದಾಗ ಮಾತ್ರ ಯಾರು ಎತ್ತಲೆಂಬುದು ಬರಹಕ್ಕೆ ಬರುತ್ತದೆ. ಅದರ ಮೇಲೆ, 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೆಯ ಅನುಸೂಚಿಯ ಪ್ರಕಾರ, ಪಕ್ಷದ ಆದೇಶಕ್ಕೆ ವಿರುದ್ಧವಾಗಿ ಮತ ಹಾಕಿದವನು, ಮತ ಹಾಕದೆ ಕುಳಿತವನು ಸಹ, ಪಕ್ಷ ಹದಿನೈದು ದಿನಗಳೊಳಗೆ ಮನ್ನಿಸದಿದ್ದರೆ, ಸ್ಥಾನವನ್ನೇ ಕಳೆದುಕೊಳ್ಳಬಹುದು. ದಿನಕ್ಕೊಂದು ಪಕ್ಷ ಬದಲಾಯಿಸುವವರನ್ನು ತಡೆಯಲು ಬಂದ ಕಟ್ಟಲೆ ಅದು. ಅದರ ಅಗತ್ಯವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದೇ ಬೇಲಿ ರಾಂಕಿನ್ ಅಂಥವರನ್ನೂ ತಡೆಯುತ್ತದೆ. ಆದ್ದರಿಂದ ನಮ್ಮಲ್ಲಿ ಮತವೊಂದೇ ಸದಸ್ಯನ ಮನಸ್ಸನ್ನು ಹೇಳಲಾರದು. ಆತ ಕೇಳಿದ ಪ್ರಶ್ನೆ, ಸೂಚಿಸಿದ ತಿದ್ದುಪಡಿ, ಚರ್ಚೆಯಲ್ಲಿ ಆಡಿದ ಮಾತು, ಆಡದೆ ಉಳಿದ ಮೌನ, ಇವೆಲ್ಲವನ್ನೂ ಮತದ ಪಕ್ಕದಲ್ಲಿಟ್ಟು ಓದುವ ಶ್ರಮ ನಮ್ಮದಾಗಬೇಕು. ಚುನಾವಣೆ ಬಂದಾಗ ವೇದಿಕೆಯ ಮೇಲಿನ ಮಾತನ್ನಷ್ಟೇ ಕೇಳಿ ಮರಳುವ ನಾವು ಆ ಶ್ರಮವನ್ನು ಎಷ್ಟರಮಟ್ಟಿಗೆ ಮಾಡುತ್ತಿದ್ದೇವೆ?

ಅಮೆರಿಕದ ಸಂಸದ್ ಭವನದಲ್ಲಿ 1985ರಲ್ಲಿ ರಾಂಕಿನ್ ಅವರ ಕಂಚಿನ ಪ್ರತಿಮೆಯನ್ನು ನಿಲ್ಲಿಸಿದರು. ಪೀಠದ ಮೇಲೆ ಕೆತ್ತಿರುವುದು ‘ಯುದ್ಧಕ್ಕೆ ಮತ ಹಾಕಲಾರೆ’ ಎಂಬರ್ಥದ ಮಾತು. ಆದರೆ ಆ ನಸುಕಿನಲ್ಲಿ ಆಕೆ ನುಡಿದ ವಾಕ್ಯಕ್ಕೆ ಇನ್ನೊಂದು ಭಾಗವಿತ್ತು: ನನ್ನ ದೇಶದ ಜೊತೆಗೆ ನಿಲ್ಲಬೇಕೆಂಬುದು ನನ್ನ ಬಯಕೆ. ಏಪ್ರಿಲಿನ ‘ಇಲ್ಲ’ಕ್ಕೂ ಡಿಸೆಂಬರಿನ ‘ಹೌದು’ಗೂ ನಡುವಿನ ಕೊಂಡಿ ಇರುವುದು ಪೀಠಕ್ಕೆ ಬಾರದೆ ಉಳಿದ ಆ ಮೊದಲ ಅರ್ಧದಲ್ಲಿ. ಶಾಸನ ಒಡೆದಿದ್ದಾಗ ಕಳೆದುಹೋದ ತುಂಡನ್ನು ಹುಡುಕುವುದು ನಮ್ಮ ಕಸುಬಿನ ಮೊದಲ ಪಾಠ. ಅದನ್ನು ನನಗೆ ಮತ್ತೆ ನೆನಪಿಗೆ ತಂದದ್ದು ನನ್ನ ವಿದ್ಯಾರ್ಥಿನಿ.