ಗ್ರೆನಡಾದ ಹಿಟ್ಟು ತಿಗಣೆ ಮತ್ತು ಹೊರನಾಡಿನ ಕಣಜ

ಕೆರಿಬಿಯನ್ ಸಮುದ್ರದ ಗ್ರೆನಡಾ ದ್ವೀಪದಲ್ಲಿ 1994ರಲ್ಲಿ ಗುರುತಿಸಲಾದ ಗುಲಾಬಿ ಹಿಟ್ಟು ತಿಗಣೆಯು ಏಷ್ಯಾ ಮೂಲದ ಕೀಟವಾಗಿದ್ದು, ಅಲ್ಲಿನ ರೈತರಿಗೆ ಅದುವರೆಗೆ ಅಪರಿಚಿತವಾಗಿತ್ತು. ಸುಮಾರು ಮೂರು ಮಿಲಿಮೀಟರ್ ಉದ್ದದ ಈ ಕೀಟವು ದಾಸವಾಳ, ಬೆಂಡೆ, ಕೋಕೋ, ಹನುಮಫಲ ಸೇರಿದಂತೆ 200ಕ್ಕೂ ಹೆಚ್ಚು ಜಾತಿಯ ಸಸ್ಯಗಳ ರಸ ಹೀರುತ್ತದೆ. ಹೀರುವಾಗ ಒಳಸೇರುವ ಅದರ ಜೊಲ್ಲು ಸಸ್ಯಕ್ಕೆ ವಿಷವಾಗುವುದರಿಂದ ಚಿಗುರು ಮುರುಟಿಕೊಳ್ಳುತ್ತದೆ, ಎಲೆಗಳು ಗೊಂಚಲುಗಟ್ಟಿ ನಿಲ್ಲುತ್ತವೆ, ಹಾವಳಿ ಮಿತಿಮೀರಿದರೆ ಮರವೇ ಒಣಗುತ್ತದೆ. ಮೈಯನ್ನು ಮೇಣದ ಪುಡಿಯೂ ಮೊಟ್ಟೆಗಳನ್ನು ಹತ್ತಿಯಂಥ ಚೀಲವೂ ಕಾಯುವುದರಿಂದ ಕೀಟನಾಶಕ ಸಿಂಪಡಣೆ ಹೆಚ್ಚು ಫಲ ಕೊಡಲಿಲ್ಲ. ನೆರೆಯ ದೇಶಗಳು ಗ್ರೆನಡಾದ ಹಣ್ಣು ತರಕಾರಿಗಳ ಆಮದನ್ನು ನಿರ್ಬಂಧಿಸಿದವಾದರೂ 1995ರ ವೇಳೆಗೆ ಕೀಟ ಟ್ರಿನಿಡಾಡ್ ತಲುಪಿತ್ತು.

ಕೇವಲ 344 ಚದರ ಕಿಲೋಮೀಟರ್ ವಿಸ್ತೀರ್ಣದ ರಾಷ್ಟ್ರವೊಂದು ಇಂತಹ ಪಿಡುಗನ್ನು ಒಂಟಿಯಾಗಿ ಎದುರಿಸುವುದು ಅಸಾಧ್ಯ. ಏಕೆಂದರೆ ಕೀಟದ ಸಹಜ ಶತ್ರುಗಳು ಉಳಿದಿರುವುದು ಅದರ ತವರಿನಲ್ಲಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ, ಅಮೆರಿಕದ ಕೃಷಿ ಇಲಾಖೆ ಹಾಗೂ ಟ್ರಿನಿಡಾಡ್‌ನಲ್ಲಿ ಕೇಂದ್ರ ಹೊಂದಿದ್ದ ಕ್ಯಾಬಿ ಎಂಬ ಅಂತರರಾಷ್ಟ್ರೀಯ ಕೃಷಿ ಸಂಸ್ಥೆ ಇವು ಜೈವಿಕ ನಿಯಂತ್ರಣಕ್ಕೆ, ಅಂದರೆ ಕೀಟವನ್ನು ಅದರ ಶತ್ರುಜೀವಿಗಳಿಂದಲೇ ಹತೋಟಿಗೆ ತರುವ ವಿಧಾನಕ್ಕೆ, ನೆರವಾದವು. ಚೀನಾ ಮೂಲದ ಅನಗೈರಸ್ ಕಮಾಲಿ ಎಂಬ ಪುಟ್ಟ ಕಣಜವನ್ನು ತರಿಸಿ ಬಿಡುಗಡೆ ಮಾಡಲಾಯಿತು. ಹೆಣ್ಣು ಕಣಜವು ತಿಗಣೆಯ ಮೈಯೊಳಗೆ ಮೊಟ್ಟೆಯಿಡುತ್ತದೆ. ಮರಿಯು ತಿಗಣೆಯನ್ನು ಒಳಗಿನಿಂದಲೇ ತಿಂದು ಬೆಳೆದು, ಒಣಗಿದ ಅದರ ಸಿಪ್ಪೆಯನ್ನು ಕೊರೆದು ಹೊರಬರುತ್ತದೆ.

1996ರಲ್ಲಿ ಭಾರತದಿಂದ ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳುಗಳೂ ಹೋದವು. ಮೂಲತಃ ಆಸ್ಟ್ರೇಲಿಯಾದ ಈ ಹುಳು 1898ರಲ್ಲಿ ಭಾರತಕ್ಕೆ ಬಂದು ದಕ್ಷಿಣದ ಕಾಫಿ ಸೀಮೆಯಲ್ಲಿ ನೆಲೆಯೂರಿತ್ತು. ಬೆಂಗಳೂರು ಸುತ್ತಲಿನ ದ್ರಾಕ್ಷಿ ತೋಟಗಳಲ್ಲಿ ಇದೇ ಹಿಟ್ಟು ತಿಗಣೆಯ ಮೇಲೆ ಅದರ ಸಾಮರ್ಥ್ಯವನ್ನು ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅದಾಗಲೇ ಪರೀಕ್ಷಿಸಿದ್ದರು. ಗುಲಗಂಜಿ ಹುಳು ತಿಗಣೆಗಳು ದಟ್ಟವಾಗಿರುವಲ್ಲಿ ಬೇಗ ಬೇಗ ತಿಂದು ಮುಗಿಸುತ್ತದೆ, ಆದರೆ ಬೇಟೆ ವಿರಳವಾದಾಗ ಅಲ್ಲಿ ಉಳಿಯುವುದಿಲ್ಲ. ಕಣಜವಾದರೋ ಅಲ್ಲೊಂದು ಇಲ್ಲೊಂದು ಉಳಿದ ತಿಗಣೆಯನ್ನೂ ಹುಡುಕಿಕೊಂಡು ಹೋಗುತ್ತದೆ.

ಇಷ್ಟಾದರೂ ಹೊರಗಿನಿಂದ ಬಂದ ಜೀವಿಗಳಷ್ಟರಿಂದಲೇ ಕೆಲಸ ಸಾಗುತ್ತಿರಲಿಲ್ಲ. ಕುಂಬಳಕಾಯಿಗಳ ಮೇಲೆ ತಿಗಣೆ ಬೆಳೆಸಿ, ಆ ತಿಗಣೆಗಳ ಮೇಲೆ ಶತ್ರುಜೀವಿಗಳನ್ನು ವೃದ್ಧಿಸುವ ಕ್ರಮವನ್ನು ಸ್ಥಳೀಯ ಸಿಬ್ಬಂದಿ ಕಲಿತದ್ದೇ ಈ ಸಹಕಾರದ ನಿಜವಾದ ಸತ್ವವೆನ್ನಬೇಕು. ಇದೇ ಕೀಟ ಹಬ್ಬಿದ್ದ ಕೆರಿಬಿಯನ್‌ನ ಮತ್ತೊಂದು ದ್ವೀಪವಾದ ಸೇಂಟ್ ಕಿಟ್ಸ್‌ನಲ್ಲೂ ಕಣಜ ಬಿಟ್ಟ ನಂತರ ತಿಗಣೆಯ ಸಾಂದ್ರತೆ ಶೇಕಡಾ 90ರಷ್ಟು ಕುಸಿಯಿತು.