ಬಗಲಚೀಲದ ಏರಿಯಲ್

ಏರಿಯಲ್ಲು ಎಷ್ಟು ಎತ್ತರವಿದ್ದರೆ ಅಷ್ಟು ಮೇಲೆಂಬ ಮಾತು ಹವ್ಯಾಸಿ ರೇಡಿಯೋ ನಡೆಸುವವರಲ್ಲುಂಟು. ದೂರದೇಶಗಳೊಡನೆ ಸಂಭಾಷಿಸುವವರಿಗೆ ಅದು ಸರಿ. ಸಿರುಗುಪ್ಪದಿಂದ ಬಳ್ಳಾರಿಗೆ ಸುದ್ದಿ ಮುಟ್ಟಿಸಬೇಕಾದವರಿಗಲ್ಲ. 2009ರಲ್ಲಿ ತುಂಗಭದ್ರೆಯ ನೆರೆ ಸಿರುಗುಪ್ಪ ಸೀಮೆಯ ಹಳ್ಳಿಗಳಿಗೆ ನುಗ್ಗಿದುದನ್ನು ಶ್ರೋತೃಗಳು ಮರೆತಿರಲಾರರು. ವಿದ್ಯುತ್ತು ನಿಂತರೆ ಟೆಲಿಫೋನು ಗೋಪುರಗಳೂ ಬಹುಕಾಲ ಬಾಳವು. ಅಂಥ ವೇಳೆ ಸಣ್ಣ ಪ್ರೇಷಕ, ಮೋಟಾರಿನ ಬ್ಯಾಟರಿ, ಒಂದು ತಂತಿ, ಇಷ್ಟಿದ್ದರೆ ಸಾಕು.

ಕೈಯಲ್ಲಿ ಹಿಡಿಯುವ ಯಂತ್ರಗಳ ಅಲೆ ನೇರವಾಗಿ ಸಾಗುವಂಥದು. ಕುರುಗೋಡಿನ ಕಲ್ಲುಗುಡ್ಡ ಅಡ್ಡಬಂದರೆ ಅಲ್ಲಿಗೇ ತಡೆ. 7 ಮೆಗಾಹರ್ಟ್ಸಿನ ಅಲೆಯಾದರೋ, ತಗ್ಗಿನಲ್ಲಿ ಕಟ್ಟಿದ ತಂತಿಯಿಂದ ನೆಟ್ಟಗೆ ಮೇಲೇರಿ, ಸುಮಾರು 300 ಕಿಲೋಮೀಟರು ಎತ್ತರದ ಅಯಾನುಮಂಡಲವನ್ನು ತಾಗಿ, ಹಗಲಿನಲ್ಲಿ ಸುತ್ತಲ ಸೀಮೆಯ ಮೇಲೆ ಮಳೆಯಂತೆ ಇಳಿಯುತ್ತದೆ. ಗುಡ್ಡ ಅದನ್ನೇನು ಮಾಡೀತು?

7.1 ಮೆಗಾಹರ್ಟ್ಸಿನ ಅಲೆಯ ಉದ್ದ ಸುಮಾರು 42 ಮೀಟರು, ಅರ್ಧ 21. ನೂರಕ್ಕೆ ಐದರಷ್ಟು ಕಳೆದರೆ ತಂತಿಯ ಅಳತೆ 20. ಆದರೂ ಮನೆಯ ವೈರಿಂಗಿಗೆ ಬಳಸುವ ತಾಮ್ರದ ತಂತಿಯನ್ನು ಹತ್ತೂವರೆ ಮೀಟರಿನ ಎರಡು ತುಂಡು ಮಾಡಿ, ಒಂದಕ್ಕೊಂದು ತಾಗದಂತೆ ಪ್ಲಾಸ್ಟಿಕ್ ಕೊಳವೆಯ ಚೂರಿಗೆ ಬಿಗಿಯತಕ್ಕದ್ದು. ಯಂತ್ರದಿಂದ ಬರುವ ಕೇಬಲಿನ ಒಳತಂತಿಯನ್ನು ಒಂದಕ್ಕೂ ಹೊರಜಾಲರಿಯನ್ನು ಇನ್ನೊಂದಕ್ಕೂ ಸೇರಿಸಿ, ನಾಲ್ಕೈದು ಮೀಟರೆತ್ತರದಲ್ಲಿ ಎರಡು ಬೇವಿನ ಮರಗಳ ನಡುವೆ ನೈಲಾನ್ ಹಗ್ಗದಿಂದ ಕಟ್ಟಬೇಕು. ಬಳಿಕ ಎಸ್.ಡಬ್ಲ್ಯು.ಆರ್. ಮಾಪಕವನ್ನು ನೋಡುತ್ತ, ತುದಿಗಳನ್ನು ಸ್ವಲ್ಪಸ್ವಲ್ಪವೇ ಹಿಂದಕ್ಕೆ ಮಡಿಸುತ್ತ ಬರುವುದು. ಕತ್ತರಿಸುವ ಆತುರ ಬೇಡ. ಬೇರೆ ಜಾಗದಲ್ಲಿ ಆ ಗೇಣುದ್ದ ಬೇಕಾದೀತು.

ಸಿರುಗುಪ್ಪದ ಗದ್ದೆಬಯಲಿನಲ್ಲಿ ಮರವಿಲ್ಲದೆಡೆ ಬಿದಿರಿನ ಗಳವೇ ಗತಿ. ವಿದ್ಯುತ್ ತಂತಿಗಳ ಸಮೀಪ ಕಟ್ಟಲೇಬಾರದು. ಸಿಡಿಲುಮಳೆಯ ಲಕ್ಷಣ ಕಂಡೊಡನೆ ಇಳಿಸಿಬಿಡಬೇಕು. ಪ್ರಸಾರಕ್ಕೆ ಕೇಂದ್ರ ಸರಕಾರದ ಪರವಾನಗಿ ಅಗತ್ಯ. ಅದಕ್ಕೊಂದು ಪರೀಕ್ಷೆಯುಂಟು, ನೆರೆ ಬಂದ ದಿನ ಅದಕ್ಕೆ ಕೂರಲಾಗದು.