ಸಣ್ಣ ಉದ್ಯಮದ ಇ-ಮೇಲ್ ವಿಳಾಸ: ಹೆಸರಿನ ಆಯ್ಕೆಯಲ್ಲಿ ಗಮನಿಸಬೇಕಾದ ಅಂಶಗಳು

ಗುಬ್ಬಿ ತಾಲ್ಲೂಕಿನ ಎಣ್ಣೆ ಗಾಣವಾಗಲಿ, ಕುಣಿಗಲ್ ತಾಲ್ಲೂಕಿನಲ್ಲಿ ಹಪ್ಪಳ, ಸಂಡಿಗೆ ತಯಾರಿಸುವ ಸ್ವಸಹಾಯ ಸಂಘವಾಗಲಿ, ತುಮಕೂರು ನಗರದ ಅಂಚಿನ ಹೊಲಿಗೆ ಘಟಕವಾಗಲಿ, ಉದ್ಯಮ್ ನೋಂದಣಿ ಅಥವಾ ಜಿ.ಎಸ್.ಟಿ. ನೋಂದಣಿಗೆ ಅರ್ಜಿ ಸಲ್ಲಿಸುವಾಗ ಮೊಬೈಲ್ ಸಂಖ್ಯೆಯ ಜೊತೆಗೆ ಇ-ಮೇಲ್ ವಿಳಾಸವನ್ನೂ ನೀಡಬೇಕಾಗುತ್ತದೆ. ಅರ್ಜಿ ತುಂಬುವ ಅವಸರದಲ್ಲಿ ಆ ಕ್ಷಣಕ್ಕೆ ಹೊಳೆದ ಹೆಸರಿನಲ್ಲಿ ವಿಳಾಸ ತೆರೆಯುವುದೂ, ಅರ್ಜಿ ತುಂಬಿಕೊಡುವವರ ಸ್ವಂತ ವಿಳಾಸವನ್ನೇ ನಮೂದಿಸುವುದೂ ಉಂಟು. ಇದು ಸಣ್ಣ ಸಂಗತಿಯೆಂದು ತೋರಿದರೂ ಪರಿಣಾಮ ಸಣ್ಣದಲ್ಲ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಅಧಿನಿಯಮ, 2017ರ 169ನೇ ಪ್ರಕರಣದ ಪ್ರಕಾರ, ನೋಂದಣಿಯ ವೇಳೆ ನೀಡಿದ ಇ-ಮೇಲ್ ವಿಳಾಸಕ್ಕೆ ನೋಟಿಸು ಕಳುಹಿಸುವುದು ನೋಟಿಸು ಜಾರಿಯ ಮಾನ್ಯ ವಿಧಾನಗಳಲ್ಲಿ ಒಂದು. ಆ ವಿಳಾಸವನ್ನು ತೆರೆದು ನೋಡುವವರೇ ಇಲ್ಲದಿದ್ದರೆ ಉತ್ತರಿಸಬೇಕಾದ ಗಡುವು ಉದ್ಯಮಕ್ಕೆ ತಿಳಿಯದಂತೆಯೇ ಮುಗಿದುಹೋಗಬಹುದು.

ವಿಳಾಸದ ಎರಡು ಭಾಗಗಳು

ಇ-ಮೇಲ್ ವಿಳಾಸದಲ್ಲಿ ಎರಡು ಭಾಗಗಳಿರುತ್ತವೆ. ‘ಅಟ್’ ಚಿಹ್ನೆಯ ಹಿಂದಿನದು ಬಳಕೆದಾರರ ಹೆಸರು. ಮುಂದಿನದು ಸೇವೆ ನೀಡುವ ಸಂಸ್ಥೆಯ ಅಥವಾ ಉದ್ಯಮದ ಸ್ವಂತ ಡೊಮೇನ್ ಹೆಸರು. ಈ ಚಿಹ್ನೆಯನ್ನು 1971ರಲ್ಲಿ ಅಮೆರಿಕದ ರೇ ಟಾಮ್ಲಿನ್ಸನ್ ಬಳಕೆಗೆ ತಂದರು. ಜಿಮೇಲ್‌ನಂತಹ ಉಚಿತ ಸೇವೆಯಲ್ಲಿ ಉದ್ಯಮದವರು ಆರಿಸಬೇಕಾದುದು ಮೊದಲ ಭಾಗವನ್ನು ಮಾತ್ರ. ಜಿಮೇಲ್‌ನಲ್ಲಿ ಈ ಹೆಸರು 6ರಿಂದ 30 ಅಕ್ಷರಗಳ ಒಳಗಿರಬೇಕು. ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಚುಕ್ಕಿಯನ್ನು ಮಾತ್ರ ಬಳಸಬಹುದು. ನಡುವಿನ ಚುಕ್ಕಿಗೆ ಅಲ್ಲಿ ಲೆಕ್ಕವಿಲ್ಲ. ಚುಕ್ಕಿ ಇಟ್ಟರೂ ಬಿಟ್ಟರೂ ಪತ್ರ ಅದೇ ಖಾತೆಗೆ ತಲುಪುತ್ತದೆ.

ವ್ಯಕ್ತಿಯ ಹೆಸರಿಗಿಂತ ಉದ್ಯಮದ ಹೆಸರು ಲೇಸು

ಸ್ವಸಹಾಯ ಸಂಘದ ಪ್ರತಿನಿಧಿಗಳು ಕಾಲಕಾಲಕ್ಕೆ ಬದಲಾಗುತ್ತಾರೆ. ವಿಳಾಸವು ಒಬ್ಬ ಪ್ರತಿನಿಧಿಯ ಹೆಸರಿನಲ್ಲಿದ್ದರೆ, ಅವರು ಹೊಣೆಯಿಂದ ಬಿಡುಗಡೆಯಾದ ಬಳಿಕವೂ ಸಂಘದ ಪತ್ರಗಳು ಅವರ ಸ್ವಂತ ಖಾತೆಗೇ ಹೋಗುತ್ತಿರುತ್ತವೆ. ಬ್ಯಾಂಕ್, ನೋಂದಣಿ, ಖರೀದಿದಾರರು ಹೀಗೆ ಎಲ್ಲೆಡೆ ವಿಳಾಸ ತಿದ್ದಿಸುವುದು ಸಂಘಕ್ಕೆ ತಿಂಗಳುಗಟ್ಟಲೆಯ ಕೆಲಸವಾಗುತ್ತದೆ. ಆದುದರಿಂದ ಹೆಸರು ಸಂಘದ್ದು ಅಥವಾ ಉದ್ಯಮದ್ದು ಆಗಿರಬೇಕು. ಹುಟ್ಟಿದ ವರ್ಷ, ಮೊಬೈಲ್ ಸಂಖ್ಯೆಯ ಕೊನೆಯ ಅಂಕಿಗಳು ಮುಂತಾದವನ್ನು ಸೇರಿಸುವುದೂ ಸೂಕ್ತವಲ್ಲ. ಅಂಕಿಗಳು ಕೇಳುವವರ ನೆನಪಿನಲ್ಲಿ ಉಳಿಯುವುದಿಲ್ಲ. ಸೊನ್ನೆಯು ‘ಓ’ ಅಕ್ಷರದಂತೆಯೂ ಒಂದು ‘ಎಲ್’ ಅಕ್ಷರದಂತೆಯೂ ಕಾಣುವುದರಿಂದ ಓದುವವರೂ ತಪ್ಪುತ್ತಾರೆ.

ಕನ್ನಡದ ಹೆಸರು, ಇಂಗ್ಲಿಷ್ ಅಕ್ಷರ

ಕನ್ನಡದ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ಒಂದೇ ಹೆಸರಿಗೆ ಹಲವು ರೂಪಗಳು ಬರುತ್ತವೆ. ‘ಲಕ್ಷ್ಮಿ’ಯನ್ನು ‘ಕೆ-ಎಸ್-ಎಚ್’ ಹಾಕಿ ಬರೆಯುವವರಿದ್ದಾರೆ, ‘ಎಕ್ಸ್’ ಹಾಕಿ ಬರೆಯುವವರೂ ಇದ್ದಾರೆ. ‘ಶ್ರೀ’ ಕಾರಕ್ಕೆ ಕನಿಷ್ಠ ಮೂರು ಬರಹಗಳು ಬಳಕೆಯಲ್ಲಿವೆ. ‘ತೆಂಗು’ ಪದದ ಮೊದಲಕ್ಷರಕ್ಕೆ ಕೆಲವರು ‘ಟಿ’ ಮಾತ್ರ ಬರೆದರೆ ಕೆಲವರು ‘ಟಿ-ಎಚ್’ ಬರೆಯುತ್ತಾರೆ. ‘ಗಾಣ’ದ ದೀರ್ಘಕ್ಕೆ ಒಂದು ‘ಎ’ ಸಾಕೋ ಎರಡು ಬೇಕೋ ಎಂಬುದೂ ಬರೆಯುವವರ ಇಷ್ಟಕ್ಕೆ ಬಿಟ್ಟದ್ದು. ದೂರವಾಣಿಯಲ್ಲಿ ವಿಳಾಸ ಕೇಳಿಕೊಂಡ ಖರೀದಿದಾರ ಒಂದು ಅಕ್ಷರ ಬದಲಿಸಿದರೂ ಬೇಡಿಕೆ ಪತ್ರ ಬರುವುದಿಲ್ಲ, ಇಲ್ಲವೇ ಬೇರೊಬ್ಬರ ಖಾತೆ ಸೇರುತ್ತದೆ.

‘ಶ್ರೀ ಲಕ್ಷ್ಮೀ ವೆಂಕಟೇಶ್ವರ ಸ್ತ್ರೀಶಕ್ತಿ ಸ್ವಸಹಾಯ ಸಂಘ’ ಎಂಬಂತಹ ಹೆಸರನ್ನು ಇಡಿಯಾಗಿ ಬರೆದರೆ 30 ಅಕ್ಷರಗಳ ಮಿತಿಯೂ ಮೀರುತ್ತದೆ. ಇಂತಹ ಸಂದರ್ಭದಲ್ಲಿ ಒಂದೇ ರೀತಿ ಬರೆಯಲಾಗುವ ಎರಡು ಚಿಕ್ಕ ಪದಗಳನ್ನು ಆರಿಸುವುದು ಉತ್ತಮ. ‘ಗುಬ್ಬಿ’, ‘ಕುಣಿಗಲ್’ ಎಂಬ ಊರ ಹೆಸರುಗಳ ಇಂಗ್ಲಿಷ್ ಬರಹ ಬಹುಮಟ್ಟಿಗೆ ಸ್ಥಿರವಾಗಿದೆ. ‘ಆಯಿಲ್’, ‘ಫುಡ್ಸ್’ ಮುಂತಾದ ಇಂಗ್ಲಿಷ್ ಪದಗಳಿಗೂ ಒಂದೇ ಬರಹವಿದೆ. ಬಯಸಿದ ಹೆಸರು ಈಗಾಗಲೇ ಬೇರೆಯವರ ಪಾಲಾಗಿದ್ದರೆ ಅಂಕಿ ಸೇರಿಸುವ ಬದಲು ಗ್ರಾಮದ ಹೆಸರನ್ನು ಸೇರಿಸಬಹುದು.

ಊರಿನ ಹೆಸರು ಮತ್ತು ಉತ್ಪನ್ನದ ಹೆಸರು

ಊರಿನ ಹೆಸರನ್ನು ಬಳಸುವಾಗಲೂ ಎಚ್ಚರ ಅಗತ್ಯ. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರುಗಳು ಬದಲಾದಾಗ ‘ಟಮ್ಕೂರ್’ ಎಂದು ಓದಲಾಗುತ್ತಿದ್ದ ಬರಹವು ‘ತುಮಕೂರು’ ಎಂದಾಯಿತು. ಇಂದಿಗೂ ಎರಡೂ ಬರಹಗಳು ಬಳಕೆಯಲ್ಲಿವೆ. ನಗರದ ಉದ್ಯಮವೊಂದು ಈ ಹೆಸರನ್ನು ಆರಿಸಿದರೆ ಹೊಸ ಬರಹದಲ್ಲಿ ಮುಖ್ಯ ಖಾತೆಯನ್ನೂ, ದೊರೆತಲ್ಲಿ ಹಳೆಯ ಬರಹದಲ್ಲಿ ಇನ್ನೊಂದನ್ನೂ ತೆರೆದು, ಅಲ್ಲಿಗೆ ಬರುವ ಪತ್ರಗಳು ಮುಖ್ಯ ಖಾತೆಗೆ ತಾವಾಗಿಯೇ ರವಾನೆಯಾಗುವಂತೆ ಮಾಡಿಕೊಳ್ಳಬಹುದು.

ಒಂದೇ ಉತ್ಪನ್ನಕ್ಕೆ ಹೆಸರನ್ನು ಕಟ್ಟಿಹಾಕುವುದೂ ಮುಂದೆ ತೊಡಕಾಗಬಹುದು. ಗುಬ್ಬಿ ತಾಲ್ಲೂಕಿನ ಚೇಳೂರು ‘ಸಿದ್ದು’ ಹಲಸಿನ ತಳಿಯಿಂದ ಹೆಸರಾಗಿದೆ. ಆದರೆ ಹಲಸಿಗೆ ಋತುವಿದೆ. ಇಂದು ಹಲಸಿನ ಚಿಪ್ಸ್ ಮಾರುವ ಸಂಘ ನಾಳೆ ರಾಗಿ ಹುರಿಹಿಟ್ಟನ್ನೂ ಮಾರಬಹುದು. ಅಲ್ಲದೆ ಪ್ರಸಿದ್ಧ ತಳಿಯ ಅಥವಾ ಬೇರೊಬ್ಬರ ಬ್ರಾಂಡಿನ ಹೆಸರನ್ನು ತನ್ನದೆಂಬಂತೆ ಬಳಸಿದರೆ ತಕರಾರಿಗೆ ಎಡೆಯಾದೀತು.

ಸರ್ಕಾರದ್ದೆಂಬ ಭಾವನೆ ಬರಬಾರದು

ಖಾಸಗಿ ಉದ್ಯಮದ ಅಥವಾ ಸಂಘದ ವಿಳಾಸದಲ್ಲಿ ‘ಕರ್ನಾಟಕ ಸರ್ಕಾರ’, ‘ಜಿಲ್ಲಾ ಪಂಚಾಯತ್’, ‘ಗ್ರಾಮ ಪಂಚಾಯಿತಿ’ ಮುಂತಾದ ಪದಗಳನ್ನು ಸೇರಿಸತಕ್ಕದ್ದಲ್ಲ. ಸರ್ಕಾರದ ಆಶ್ರಯವಿದೆಯೆಂದು ಸೂಚಿಸುವ ಹೆಸರುಗಳನ್ನು ವ್ಯಾಪಾರಕ್ಕೆ ಬಳಸುವುದನ್ನು ಲಾಂಛನಗಳು ಮತ್ತು ಹೆಸರುಗಳ (ಅನುಚಿತ ಬಳಕೆ ತಡೆ) ಅಧಿನಿಯಮ, 1950 ನಿರ್ಬಂಧಿಸುತ್ತದೆ. ಇಂತಹ ಹೆಸರುಗಳಿಗೆ ಜನ ಒಗ್ಗಿಕೊಂಡರೆ ವಂಚಕರ ನಕಲಿ ಪತ್ರಗಳನ್ನು ಗುರುತಿಸುವುದೂ ಕಷ್ಟವಾಗುತ್ತದೆ.

ಸ್ವಂತ ಡೊಮೇನ್

ವಹಿವಾಟು ಬೆಳೆದ ಘಟಕಗಳು ‘ಡಾಟ್ ಇನ್’ ಡೊಮೇನ್ ಪಡೆದು, ಬೇಡಿಕೆಗೆ ಒಂದು, ಲೆಕ್ಕಪತ್ರಕ್ಕೆ ಒಂದು ಎಂಬಂತೆ ಕೆಲಸವಾರು ವಿಳಾಸಗಳನ್ನು ಇರಿಸಿಕೊಳ್ಳಬಹುದು. ಆಗ ಜನ ಬದಲಾದರೂ ವಿಳಾಸ ಬದಲಾಗುವುದಿಲ್ಲ. ಆದರೆ ಡೊಮೇನನ್ನು ಅವಧಿ ಮುಗಿಯುವ ಮೊದಲೇ ಶುಲ್ಕ ಪಾವತಿಸಿ ನವೀಕರಿಸಬೇಕು. ತಪ್ಪಿದರೆ ಆ ಹೆಸರನ್ನು ಬೇರೆಯವರು ಪಡೆಯಬಹುದು. ಕನ್ನಡ ಲಿಪಿಯಲ್ಲಿಯೇ ‘ಡಾಟ್ ಭಾರತ’ ಡೊಮೇನ್ ಲಭ್ಯವಿದೆ. ಆದರೂ ಕನ್ನಡ ಅಕ್ಷರದ ವಿಳಾಸವನ್ನು ಸ್ವೀಕರಿಸದ ಅರ್ಜಿ ನಮೂನೆಗಳು ಹಲವಿರುವುದರಿಂದ ಇಂಗ್ಲಿಷ್ ಅಕ್ಷರದ ವಿಳಾಸವೊಂದು ಸದ್ಯಕ್ಕೆ ಅನಿವಾರ್ಯ.

ಖಾತೆಯ ಹೊಣೆ

ಹೆಸರು ಸಂಘದ್ದಾಗಿದ್ದರೆ ಸಾಲದು, ಖಾತೆಯೂ ಸಂಘದ ವಶದಲ್ಲಿರಬೇಕು. ಖಾತೆ ಮರಳಿ ಪಡೆಯಲು ನೀಡುವ ಮೊಬೈಲ್ ಸಂಖ್ಯೆ ಸಂಘದ ಪ್ರತಿನಿಧಿಯದ್ದಾಗಿರಬೇಕೇ ಹೊರತು ಅರ್ಜಿ ತುಂಬಿಕೊಟ್ಟವರದ್ದಲ್ಲ. ಖಾತೆಯ ಹೊಣೆ ಯಾರದೆಂಬುದನ್ನು ನಡಾವಳಿ ಪುಸ್ತಕದಲ್ಲಿ ದಾಖಲಿಸಿ, ಪ್ರತಿನಿಧಿ ಬದಲಾದ ದಿನವೇ ಪಾಸ್‌ವರ್ಡ್ ಮತ್ತು ಮೊಬೈಲ್ ಸಂಖ್ಯೆಯನ್ನು ಬದಲಿಸಬೇಕು. ಪಾಸ್‌ವರ್ಡನ್ನು ನಡಾವಳಿಯಲ್ಲಿ ಬರೆಯಬಾರದು. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸಬಹುದೆಂಬ ನಿಯಮವನ್ನು ಗೂಗಲ್ 2023ರಲ್ಲಿ ಪ್ರಕಟಿಸಿದೆ. ಅಳಿಸಿದ ಜಿಮೇಲ್ ಹೆಸರು ಮತ್ತೆ ದೊರೆಯುವುದಿಲ್ಲ. ವಾರಕ್ಕೊಮ್ಮೆಯಾದರೂ ಖಾತೆ ತೆರೆದು ನೋಡುವ ರೂಢಿ ಇರಬೇಕು.

ಸದಸ್ಯರು ಮಾಡಬಹುದಾದುದು

ಗ್ರಾಮ ಪಂಚಾಯಿತಿ ಸದಸ್ಯರು ತಮ್ಮ ವಾರ್ಡಿನ ಸಂಘಗಳ ಸಭೆಯಲ್ಲಿ ಮೂರು ಪ್ರಶ್ನೆಗಳನ್ನು ಕೇಳಬಹುದು: ನೋಂದಣಿಯಲ್ಲಿ ನಮೂದಾಗಿರುವ ಇ-ಮೇಲ್ ವಿಳಾಸ ಯಾವುದು? ಅದರ ಪಾಸ್‌ವರ್ಡ್ ಯಾರ ಬಳಿ ಇದೆ? ಕೊನೆಯ ಬಾರಿ ತೆರೆದು ನೋಡಿದ್ದು ಯಾವಾಗ? ಉತ್ತರ ದೊರೆಯದಿದ್ದಲ್ಲಿ ಒಕ್ಕೂಟದ ಮುಖ್ಯ ಪುಸ್ತಕ ಬರಹಗಾರರ ನೆರವಿನಿಂದ ನೋಂದಣಿಯ ವಿವರ ತಿದ್ದಿಸಿಕೊಳ್ಳಲು ಸಲಹೆ ನೀಡಬಹುದು. ಹೊಸ ವಿಳಾಸ ತೆರೆಯುವ ಸಂಘಗಳಿಗೆ ಸುಲಭವಾದ ಪರೀಕ್ಷೆಯೊಂದಿದೆ. ಆಯ್ದ ಹೆಸರನ್ನು ಸಭೆಯಲ್ಲಿ ಒಮ್ಮೆ ಗಟ್ಟಿಯಾಗಿ ಹೇಳಿ, ಮೂವರಿಂದ ಬೇರೆ ಬೇರೆಯಾಗಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಸಬೇಕು. ಮೂವರೂ ಒಂದೇ ರೀತಿ ಬರೆದರೆ ಆ ಹೆಸರನ್ನು ಇಟ್ಟುಕೊಳ್ಳಬಹುದು. ಇಲ್ಲವಾದರೆ ಖಾತೆ ತೆರೆಯುವ ಮೊದಲೇ ಬೇರೆ ಹೆಸರನ್ನು ಹುಡುಕುವುದು ಸೂಕ್ತ.